ನನ್ನ ಪಟ್ಟಿಯಲ್ಲಿ ಆರು ಹೆಸರು

ನನ್ನ ಮೊಮ್ಮಗಳಿಗೆ ಈಗ ಏಳು ತಿಂಗಳು. ಬೆಳಿಗ್ಗೆ ಎದ್ದ ಕೂಡಲೇ ಅಳೋದಿಲ್ಲ. ಮೊದಲು ನಗುತ್ತಾಳೆ, ಯಾರೂ ನೋಡಲಿಲ್ಲ ಅಂದರೆ ಆಮೇಲೆ ಅಳುತ್ತಾಳೆ. ನಾನು ಜೋಳದ ಹಿಟ್ಟು ನಾದುವಾಗ ಪರಾತದ ಅಂಚು ಹಿಡಿದು ಕೂತಿರುತ್ತಾಳೆ, ರೊಟ್ಟಿ ಬಡಿಯೋ ಸಪ್ಪಳ ಶುರುವಾದರೆ ಅದಕ್ಕೆ ಸರಿಯಾಗಿ ತಲೆ ಅಲ್ಲಾಡಿಸುತ್ತಾಳೆ. ತರಕಾರಿ ಗಾಡಿಯವನಿಗೆ, ಹಾಲಿನವನಿಗೆ, ಗ್ಯಾಸ್ ಸಿಲಿಂಡರ್ ತರುವವನಿಗೆ, ಎಲ್ಲರಿಗೂ ಇದನ್ನು ಹೇಳಿದ್ದೇನೆ. ಎರಡನೇ ಸಲ ಹೇಳುವಾಗ ಗ್ಯಾಸಿನವನು "ಹೌದು ಆಜಿ, ಹೋದ ತಿಂಗಳೂ ಹೇಳಿದ್ರಿ" ಅಂದ. ಈ ತಿಂಗಳೂ ಹೇಳಿದೆ.

ಇನ್ನೊಂದು ಸುದ್ದಿ ಇದೆ. ಅದನ್ನು ನಾನಾಗಿ ಯಾರಿಗೂ ಹೇಳುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಾಗಿದೆ. ನನ್ನನ್ನು ದಿವಾಳಿ ಎಂದು ಬರೆದುಕೊಡ್ರಿ ಅಂತ ಕೋರ್ಟಿಗೆ ಅರ್ಜಿ ಹಾಕಿದ್ದೇನೆ. ಕೂಸು ಹುಟ್ಟಿದ್ದೂ ಅರ್ಜಿ ಹಾಕಿದ್ದೂ ಒಂದೇ ತಿಂಗಳು. ಹಿಂಗಾಗಿ ಒಂದನ್ನು ನೆನೆದರೆ ಇನ್ನೊಂದು ಬಂದೇ ಬರುತ್ತದೆ, ಬೇರೆ ಮಾಡಿ ಹೇಳೋಕೆ ಬರೋದಿಲ್ಲ.

ನಾನು ಓದಿದ್ದು ಮೂರನೇ ಇಯತ್ತೆ, ವಿಜಯಪುರದ ಕಡೆಯ ಒಂದು ಕನ್ನಡ ಸಾಲೆಯಲ್ಲಿ. ಮದುವೆಯಾಗಿ ನಾಗಪುರಕ್ಕೆ ಬಂದೆ. ಗಂಡ ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅವರು ಹೋದ ಮೇಲೆ ಕ್ವಾರ್ಟರ್ಸ್ ಬಿಟ್ಟು ಬಜಾಜ್ ನಗರದ ಹಿಂದಿನ ಓಣಿಯಲ್ಲಿ ಎರಡು ಖೋಲಿ ಬಾಡಿಗೆಗೆ ಹಿಡಿದೆ, ರೊಟ್ಟಿ ಬಡಿಯೋಕೆ ಕೂತೆ. ಮೆತ್ತನ್ನವು ಅವತ್ತಿಗೆ, ಖಡಕ್ ರೊಟ್ಟಿ ತಿಂಗಳಿಗೆ. ಇಲ್ಲಿರುವ ನಮ್ಮ ಕಡೆಯ ಮನೆಗಳಿಗೆಲ್ಲ ನನ್ನ ರೊಟ್ಟಿಯೇ ಹೋಗುತ್ತಿತ್ತು. ಊಟಕ್ಕೇನೂ ಕಡಿಮೆ ಇರಲಿಲ್ಲ.

ಮಗ ಸಾವನೇರಿನ ಕಲ್ಲಿದ್ದಲಿನ ಗಣಿಗೆ ಬೇರೆಯವರ ಟಿಪ್ಪರ್ ಓಡಿಸುತ್ತಿದ್ದ. ಸಂಜೆ ಮನೆಗೆ ಬಂದರೆ ಹಲ್ಲು ಬಿಟ್ಟು ಉಳಿದದ್ದೆಲ್ಲ ಕರ್ರಗೆ. "ಅವ್ವಾ, ಗಾಡಿ ನಂದಾ ಆದ್ರ ಇದ ಮಸಿ ಲಕ್ಷ್ಮಿ ಆಗ್ತೈತಿ" ಅನ್ನುತ್ತಿದ್ದ. ಹೌದಲ್ಲ ಅನ್ನಿಸಿತು. ಹಳೆ ಟಿಪ್ಪರ್ ಒಂದನ್ನು ಫೈನಾನ್ಸಿನವರ ಸಾಲದಲ್ಲಿ ತಂದ. ಸಾಲ ನನ್ನ ಹೆಸರಿಗೆ ಮಾಡಿದರು, ನಾನು ಕನ್ನಡದಲ್ಲಿ ಸಹಿ ಮಾಡಿದೆ. ಫೈನಾನ್ಸಿನ ಹುಡುಗಿ ಆ ಅಕ್ಷರ ನೋಡಿ "ಕಿತೀ ಗೋಲ್ ಗೋಲ್, ಆಯಿ" ಅಂದಳು, ಎಷ್ಟು ಗುಂಡಗಿವೆ ಅಂತ. ನನಗೆ ಖುಷಿಯಾಯಿತು.

ಒಂದು ವರ್ಷ ಚಲೋ ನಡೀತು. ಆಮೇಲೆ ಕೆಲಸ ಕೊಡುತ್ತಿದ್ದ ಗುತ್ತಿಗೆದಾರ ನಾಲ್ಕು ತಿಂಗಳ ಬಾಡಿಗೆ ಉಳಿಸಿಕೊಂಡು ಫೋನು ಬಂದ್ ಮಾಡಿದ. ಅದೇ ಹೊತ್ತಿಗೆ ಗಾಡಿಯ ಇಂಜಿನ್ ಬಿಚ್ಚಬೇಕಾಯಿತು. ಗಾಡಿ ಉಳಿಸಿಕೊಳ್ಳೋಕೆ ನಾನು ಪತ್ತಿನ ಸಂಘದಲ್ಲಿ ಸಾಲ ತೆಗೆದೆ. ಅದೂ ಸಾಲದೆ ಭಿಶಿಗೆ ಕೈ ಹಾಕಿದೆ.

ಭಿಶಿ ಅಂದರೆ ನಮ್ಮ ಹೆಣ್ಣುಮಕ್ಕಳ ಚೀಟಿ. ಹನ್ನೆರಡು ಮಂದಿ, ತಿಂಗಳಿಗೆ ಒಬ್ಬೊಬ್ಬರು ಇಷ್ಟಿಷ್ಟು ಅಂತ ಹಾಕಬೇಕು, ಚೀಟಿ ಯಾರ ಹೆಸರಿಗೆ ಬರುತ್ತದೋ ಆ ತಿಂಗಳ ಗಂಟು ಅವರಿಗೆ. ಚೀಟಿ ಎತ್ತೋದು ಆ ತಿಂಗಳು ಭಿಶಿ ಕೂಡಿದ ಮನೆಯ ಎಲ್ಲಕ್ಕಿಂತ ಸಣ್ಣ ಕೂಸು, ಕಾಯಿದೆ ಅದು. ನಮ್ಮ ಮನೆಯಲ್ಲಿ ಭಿಶಿ ಕೂಡಿದಾಗ ಸಣ್ಣ ಕೂಸಿಲ್ಲದೆ ಪಕ್ಕದ ಮನೆಯಿಂದ ಒಂದನ್ನು ಎತ್ತಿಕೊಂಡು ಬರಬೇಕಾಗುತ್ತಿತ್ತು. ಸೊಸೆ ಬಸುರಿ ಅಂತ ಗೊತ್ತಾದ ದಿನ ನನಗೆ ಮೊದಲು ಬಂದ ವಿಚಾರ ಅದೇ: ಇನ್ನು ಮುಂದೆ ಚೀಟಿ ಎತ್ತೋ ಕೈ ನಮ್ಮ ಮನೆಯಲ್ಲೇ ಇರುತ್ತದೆ.

ಭಿಶಿಯಲ್ಲಿ ನಾಲ್ಕು ಮಂದಿ ತಮ್ಮ ಪಾಳಿ ನನಗೆ ಬಿಟ್ಟುಕೊಟ್ಟರು. ಕಾಗದ ಇಲ್ಲ, ಸಾಕ್ಷಿ ಇಲ್ಲ. ಅದರಲ್ಲಿ ದೊಡ್ಡ ಗಂಟು ಅಕ್ಕನದು, ಅವಳು ಎರಡು ಚೀಟಿ ಕಟ್ಟುತ್ತಿದ್ದಳು. ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ಹಿಂದಿನ ಬಿಲ್ಡಿಂಗಿನವಳು, ಧಾರವಾಡದ ಕಡೆಯವಳು, ನಾನು ಈ ಓಣಿಗೆ ಬಂದ ದಿನ ಒಲೆ ಹೊತ್ತಿಸಿಕೊಟ್ಟವಳು. ಅವಳ ಗಂಡ ರೈಲ್ವೆಯಲ್ಲಿದ್ದು ರಿಟಾಯರ್ ಆದವರು, ಕೊತ್ತಂಬರಿ ಕಟ್ಟಿನ ಚಿಲ್ಲರೆಯನ್ನೂ ಕೇಳುವವರು. ಆ ಮನುಷ್ಯನ ಕಣ್ಣು ತಪ್ಪಿಸಿ ಮನೆ ಖರ್ಚಿನಲ್ಲಿ ಉಳಿಸಿ ಉಳಿಸಿ ಅಕ್ಕ ಭಿಶಿ ಕಟ್ಟುತ್ತಿದ್ದಳು. ಕೊಡುವಾಗ ಇಷ್ಟೇ ಅಂದಳು: "ಅವರಿಗೆ ಗೊತ್ತಾಗಬಾರದು ನೋಡವಾ. ನನ್ನ ಆಯುಷ್ಯದಾಗ ನಂದು ಅಂತ ಇರೂದು ಇದೊಂದ."

ನಾನು ಅದನ್ನು ರೊಟ್ಟಿಯಲ್ಲಿ ತೀರಿಸೋಕೆ ಶುರು ಮಾಡಿದೆ. ದಿನಾ ನಾಲ್ಕು ಮನೆಗೆ ಹತ್ತತ್ತು ರೊಟ್ಟಿ, ಹತ್ತಕ್ಕೆ ಒಂದು ಗೆರೆ. ಅಡಿಗೆ ಮನೆ ಬಾಗಿಲ ಹಿಂದೆ ಗೋಡೆಯ ಮೇಲೆ ಇದ್ದಲಿಯಿಂದ ಎಳೆಯುತ್ತಿದ್ದೆ. ಅಕ್ಕನ ಗಂಡ, ಹೆಂಡತಿ ದುಡ್ಡು ಕೊಟ್ಟು ತರುತ್ತಾಳೆ ಅಂತ ತಿಳಿದಿದ್ದರು. "ರೊಟ್ಟಿ ಚಲೋ ಅದಾವ, ಆದ್ರ ತುಟ್ಟಿ" ಅನ್ನುತ್ತಿದ್ದರಂತೆ. ಇದನ್ನು ಹೇಳಿ ಹೇಳಿ ನಗುತ್ತಿದ್ದಳು ಅಕ್ಕ.

ಇಷ್ಟು ಮಾಡಿಯೂ ಗಾಡಿ ಹೋಯಿತು. ರಸ್ತೆಯಲ್ಲೇ ಮಗನನ್ನು ಇಳಿಸಿ ಒಯ್ದರು. ಹರಾಜಿನಲ್ಲಿ ಬಂದದ್ದು ಅರ್ಧ ಸಾಲಕ್ಕೂ ಸಾಲಲಿಲ್ಲ. ಗಾಡಿಯಿಂದ ಮನೆಗೆ ಬಂದದ್ದು ಲೋಡಿನ ಮೇಲೆ ತಾಡಪತ್ರಿ ಹೊದಿಸಿ ಕಟ್ಟುವ ಹಗ್ಗದ ಸುರುಳಿ ಒಂದೇ.

ಆಮೇಲೆ ವಸೂಲಿಯವನು ಬರೋಕೆ ಶುರು ಮಾಡಿದ. ಬೈಯುತ್ತಿರಲಿಲ್ಲ. "ಆಯಿ, ನೀರು ಕೊಡ್ರಿ" ಅಂತ ಹೊಸ್ತಿಲ ಮೇಲೆ ಕೂತರೆ ಮೂರು ತಾಸು ಏಳುತ್ತಿರಲಿಲ್ಲ. ಹೋಗೋ ಬರೋರಿಗೆಲ್ಲ ನಮಸ್ಕಾರ ಮಾಡಿ ತಾನು ಯಾತಕ್ಕೆ ಬಂದಿದ್ದೇನೆ ಅಂತ ಹೇಳುತ್ತಿದ್ದ. ಒಂದು ದಿನ ಮನಸ್ಸು ತಡೆಯದೆ ಎರಡು ರೊಟ್ಟಿ, ಶೇಂಗಾ ಚಟ್ನಿ ಹಾಕಿಕೊಟ್ಟೆ. ಅಗಿಯುತ್ತಾ ಅಗಿಯುತ್ತಾ ಕೇಳಿದ: "ಮಸ್ತ್ ಅದಾವ ಆಯಿ. ದಿನಕ್ಕ ಎಷ್ಟು ಬಡೀತೀರಿ? ಒಂದಕ್ಕ ಎಷ್ಟು ತಗೋತೀರಿ?" ನನ್ನ ಕೈಯ ರೊಟ್ಟಿ ತಿನ್ನುತ್ತಲೇ ಲೆಕ್ಕ ಹಾಕುತ್ತಿದ್ದ. ಕೈ ತೊಳೆಯೋಕೆ ಒಳಗೆ ಬಂದವನಿಗೆ ಬಾಗಿಲ ಹಿಂದಿನ ಗೆರೆ ಕಂಡವು. ಇದೇನು ಅಂತ ಸೊಸೆಯನ್ನು ಕೇಳಿದ. ಅವಳು ಮರಾಠಿ ಮನೆಯ ಹುಡುಗಿ, ಸುಳ್ಳು ಬಾರದವಳು. "ಭಿಶಿಯ ಮಾವಶಿಯರಿಗೆ ಕೊಡೋ ರೊಟ್ಟಿ ಲೆಕ್ಕ" ಅಂದುಬಿಟ್ಟಳು. ಅವನು ಜೇಬಿನಿಂದ ಫೋನು ತೆಗೆದು ಗೋಡೆಯ ಫೋಟೋ ಹೊಡೆದುಕೊಂಡ.

ಮಗ ಮಾತು ಬಿಟ್ಟ. ತಾಟಿನ ಮುಂದೆ ಕೂತು ರೊಟ್ಟಿ ಮುರಿದು ಮುರಿದು ಸಣ್ಣಗೆ ಮಾಡಿ ಹಂಗೇ ಬಿಟ್ಟು ಏಳುತ್ತಿದ್ದ. ಒಂದು ಮಧ್ಯಾಹ್ನ ನಾನು ರೊಟ್ಟಿ ಕೊಟ್ಟು ತಿರುಗಿ ಬಂದಾಗ ಆ ಹಗ್ಗದ ಸುರುಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. "ಏನಪಾ" ಅಂದೆ. "ಏನಿಲ್ಲವ್ವಾ, ಧೂಳು ಹೊಡೀತಿದ್ದೆ" ಅಂದ. ಹಗ್ಗಕ್ಕೆ ಧೂಳು ಇರಲಿಲ್ಲ. ಅವನು ಬಚ್ಚಲಿಗೆ ಹೋದ ಕೂಡಲೇ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಕ್ಕನ ಮನೆಗೆ ಒಯ್ದೆ. ಬಟ್ಟೆ ಒಣಗಿಸೋ ಹಗ್ಗವನ್ನೂ ಬಿಚ್ಚಿ ಒಯ್ದೆ. "ಇಟ್ಟಿರು ಅಕ್ಕಾ" ಅಂದೆ. ಅಕ್ಕ ಯಾಕೆ ಅಂತ ಕೇಳಲಿಲ್ಲ. ಅಕ್ಕಿ ಡಬ್ಬದ ಹಿಂದೆ ಇಟ್ಟಳು. ಅವತ್ತಿನಿಂದ ನಮ್ಮ ಬಟ್ಟೆ ಕುರ್ಚಿಯ ಮೇಲೆ, ಕಿಟಕಿಯ ಸರಳಿನ ಮೇಲೆ ಒಣಗಿದವು. ನಾನು ಮಗನ ಹಿಂದೆ ಹಿಂದೆ ಇದ್ದೆ. ಬಚ್ಚಲಲ್ಲಿ ತಡಮಾಡಿದರೆ ಏನಾದರೂ ನೆಪ ಹೇಳಿ ಬಾಗಿಲು ಬಡಿಯುತ್ತಿದ್ದೆ. ಆ ದಿನಗಳಲ್ಲಿ ದೇವರ ಮುಂದೆ ದೀಪ ಹಚ್ಚೋಕೂ ಬೇಜಾರಾಗಿತ್ತು.

ದಿವಾಳಿ ಅರ್ಜಿಯ ವಿಷಯ ಹೇಳಿದ್ದು ಅವನ ಜೊತೆಗಿನ ಒಬ್ಬ ಡ್ರೈವರ್. ಸಿವಿಲ್ ಲೈನ್ಸಿನ ಕೋರ್ಟಿನ ಹತ್ತಿರ ಒಬ್ಬ ವಕೀಲಬಾಯಿ ಇದ್ದಾಳೆ ಅಂತ ಕರಕೊಂಡು ಹೋದ. ಮಗನ ವಯಸ್ಸಿನವಳೇ. ನನ್ನನ್ನು ಆಜಿ ಅಂದಳು. ಮರಾಠಿಯಲ್ಲಿ ನಿಧಾನಕ್ಕೆ ತಿಳಿಸಿ ಹೇಳಿದಳು. ತೀರಿಸೋಕೆ ಆಗೋದೇ ಇಲ್ಲ ಅಂದವರು ಕೋರ್ಟಿಗೆ ಬಂದು ಹೇಳಿಕೊಳ್ಳಬಹುದು. ಯಾರ್ಯಾರಿಗೆ ಕೊಡೋದಿದೆ ಅಂತ ಒಂದು ಪಟ್ಟಿ, ಏನೇನು ಇದೆ ಅಂತ ಒಂದು ಪಟ್ಟಿ. ಇದ್ದದ್ದನ್ನು ಕೋರ್ಟು ಎಲ್ಲರಿಗೂ ಪಾಲಿನ ಪ್ರಕಾರ ಹಂಚುತ್ತದೆ. ಕೋರ್ಟಿನ ಕಾಗದ ಸಿಕ್ಕರೆ ಮನೆ ಬಾಗಿಲಿಗೆ ಯಾರೂ ಬಂದು ಕೂಡೋ ಹಾಗಿಲ್ಲ.

"ಯಾರೂ?" ಅಂದ ಮಗ. ಒಂದೂವರೆ ತಿಂಗಳಲ್ಲಿ ಅವನಾಗಿ ಕೇಳಿದ ಮೊದಲ ಮಾತು ಅದು.

ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಬರೆದೆ. ನನಗೆ ಬರೋದು ಕನ್ನಡ, ಮಗನಿಗೆ ಕನ್ನಡ ಮಾತು ಬರುತ್ತದೆ, ಓದೋಕೆ ಬರೋದಿಲ್ಲ. ಹಿಂಗಾಗಿ ನಾನು ಓದಬೇಕು, ಅವನು ಮರಾಠಿಯಲ್ಲಿ ಬರೆದುಕೊಳ್ಳಬೇಕು. ನಮ್ಮ ಸಾಲವನ್ನು ನನ್ನ ಬಾಯಿಂದ ನಾನೇ ಗಟ್ಟಿಯಾಗಿ ಓದಿದ್ದು ಅವತ್ತೇ. ಅಲ್ಲಿಯವರೆಗೆ ಅದು ಅಷ್ಟೊಂದು ಇತ್ತು ಅಂತ ನನಗೇ ಗೊತ್ತಿರಲಿಲ್ಲ. ಇರುವ ಸಾಮಾನಿನ ಪಟ್ಟಿಯಲ್ಲಿ ಹಂಚು, ಪರಾತ, ಎರಡು ಮಂಚ, ಗಂಡನ ಸೈಕಲ್ಲು, ನಿಂತುಹೋದ ಕೈಗಡಿಯಾರ, ಹುಟ್ಟೋ ಕೂಸಿಗೆ ಹೊಲಿದಿಟ್ಟ ಎರಡು ಕುಂಚಿಗೆ ಎಲ್ಲಾ ಬರೆದಿದ್ದೆ. ವಕೀಲಬಾಯಿ ಓದಿ ನಕ್ಕಳು. "ಆಜಿ, ಕುಂಚಿಗೆ ಯಾರೂ ಜಪ್ತಿ ಮಾಡೋದಿಲ್ಲ. ಹಂಚು, ಪರಾತವನ್ನೂ ಮುಟ್ಟೋದಿಲ್ಲ, ಅದು ನಿಮ್ಮ ದುಡಿಮೆಯ ಸಾಮಾನು."

ನಗು ಅಲ್ಲಿಗೆ ನಿಂತಿತು. ನನ್ನ ಪಟ್ಟಿಯಲ್ಲಿ ಎರಡೇ ಹೆಸರಿದ್ದವು, ಫೈನಾನ್ಸು ಮತ್ತು ಪತ್ತಿನ ಸಂಘ. ಮತ್ತೆ ಯಾರಿಗೂ ಕೊಡೋದಿಲ್ಲವೇ ಅಂತ ಕೇಳಿದಳು. ಮಗ ನನ್ನ ಮುಖ ನೋಡಿದ. "ಭಿಶಿಯ ನಾಲ್ಕು ಮಂದಿ ಅದಾರ, ಅದು ಸಾಲ ಅಲ್ಲ, ನಮ್ಮ ನಮ್ಮೊಳಗಿನದು" ಅಂದೆ. ರೊಟ್ಟಿಯ ವಿಷಯವನ್ನೂ ಹೇಳಿದೆ.

ಅವಳು ಪೆನ್ನು ಕೆಳಗಿಟ್ಟಳು. "ಆಜಿ, ಇದು ಬರೋಬರ್ ಆಗೋದಿಲ್ಲ. ಕಾಗದ ಇಲ್ಲದಿದ್ದರೂ ಸಾಲ ಸಾಲವೇ. ಆರೂ ಹೆಸರು ಬರೀಬೇಕು. ಆರೂ ಮನೆಗೆ ನೋಟೀಸು ಹೋಗುತ್ತದೆ. ಇವತ್ತಿನಿಂದ ಆ ನಾಲ್ಕು ಮನೆಗೆ ಒಂದು ರೊಟ್ಟಿಯೂ ಹೋಗಬಾರದು. ಒಬ್ಬರಿಗೆ ಕೊಟ್ಟು ಒಬ್ಬರಿಗೆ ಬಿಟ್ಟರೆ ಕೋರ್ಟು ತಪ್ಪು ಅನ್ನುತ್ತದೆ."

"ಫೈನಾನ್ಸಿನವರೂ ನಮ್ಮಕ್ಕನೂ ಒಂದೇ ಏನು?"

"ಕೋರ್ಟಿಗೆ ಒಂದೇ."

"ಬರೀದಿದ್ರ?"

"ಪ್ರಮಾಣ ಮಾಡಿ ಸುಳ್ಳು ಹೇಳಿದ ಹಾಗೆ. ಗೋಡೆಯ ಫೋಟೋ ಅವರ ಹತ್ತಿರ ಇದೆ ಅಂತ ನೀವೇ ಹೇಳಿದ್ರಿ. ಅವರು ಎದ್ದು ನಿಂತರೆ ನಿಮ್ಮ ಅರ್ಜಿ ಬೀಳುತ್ತದೆ."

ಇನ್ನೂ ಸಹಿ ಮಾಡಿರಲಿಲ್ಲ, ಅಷ್ಟರಲ್ಲಿ ಸೊಸೆಗೆ ಬೇನೆ ಬಂತು. ಸರ್ಕಾರಿ ದವಾಖಾನೆಯ ವರಾಂಡದಲ್ಲಿ ನಾನು, ಮಗ. ನರ್ಸ್ ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಕೈಗೆ ಕೊಟ್ಟಳು. ನಾನು ಬರೆಯೋಕೆ ಕೂತದ್ದೇ ಇದನ್ನು ಹೇಳೋಕೆ, ಆದರೆ ಹೇಳೋಕೆ ಬರುತ್ತಿಲ್ಲ. ಕಣ್ಣು ಮುಚ್ಚಿತ್ತು, ಮುಷ್ಟಿ ಬಿಗಿಯಾಗಿತ್ತು. ಹಣೆಯ ಮೇಲೆ ನನ್ನ ಗಂಡನ ಎರಡು ಗೆರೆ ಹಂಗೇ ಇಳಿದಿದ್ದವು, ಪಗಾರ ತಡವಾದಾಗ ಅವರಿಗೆ ಬರುತ್ತಿದ್ದ ಗೆರೆಗಳು. ನಾನು ಅಳುತ್ತಾ ನಕ್ಕೆ. ಬೆರಳು ಮುಟ್ಟಿಸಿದರೆ ಮುಷ್ಟಿ ಬಿಚ್ಚಿ ಹಿಡಿದುಕೊಂಡಿತು. ಪೇಡೆ ತರೋಕೆ ದುಡ್ಡಿರಲಿಲ್ಲ, ನರ್ಸಿಗೂ ಆಯಾಳಿಗೂ ಬುತ್ತಿಯಲ್ಲಿದ್ದ ರೊಟ್ಟಿ, ಶೇಂಗಾ ಹೋಳಿಗೆ ಕೊಟ್ಟೆ. ಮಗ ದೂರ ನಿಂತಿದ್ದ. ಹತ್ತಿರ ಬಾ ಅಂದರೆ ಬಂದು ಒಂದು ಸಲ ನೋಡಿ "ಇಂಥಾ ಮನಿಗೆ ಯಾಕ ಬಂದಿವಾ" ಅಂದ ಅವಳಿಗೆ.

ಅವತ್ತು ಮನಸ್ಸು ಗಟ್ಟಿ ಮಾಡಿದೆ. ಸಹಿ ಮಾಡಬೇಕು. ಆದರೆ ಪೋಸ್ಟಿನವನಿಗಿಂತ ಮೊದಲು ಆ ನಾಲ್ವರಿಗೆ ನಾನೇ ಹೇಳಬೇಕು.

ಹದಿಮೂರನೇ ದಿನ ತೊಟ್ಟಿಲ ಕಾರ್ಯ. ತೊಟ್ಟಿಲು ಬೀಗರ ಮನೆಯಿಂದ ಬಂತು, ಕಟ್ಟೋಕೆ ಹಗ್ಗ ಇಲ್ಲ. ಮನೆಯಲ್ಲಿ ಹಗ್ಗ ಯಾಕಿಲ್ಲ ಅಂತ ಬೀಗಿತಿ ಕೇಳುವಷ್ಟರಲ್ಲಿ ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ತಾಡಪತ್ರಿಯ ಹಗ್ಗದ ಸುರುಳಿ. ಮಗನ ಕೈಗೆ ಕೊಟ್ಟು "ನೀನ ಕಟ್ಟಪಾ, ಗಟ್ಟಿ ಗಂಟ ಹಾಕು, ನಿನ್ನ ಮಗಳು ಅದರಾಗ ಮಲಗಾಕಿ" ಅಂದಳು. ಅವನು ತೊಲೆಗೆ ಹಗ್ಗ ಹಾಕಿ, ಗಂಟು ಬಿಗಿದು, ಎಳೆದು ನೋಡಿ ಮತ್ತೆ ಬಿಗಿದ. ನಾನು ಅಡಿಗೆ ಮನೆಗೆ ಹೋಗಿ ಗೋಡೆ ಹಿಡಿದು ನಿಂತೆ.

ಹೆಣ್ಣುಮಕ್ಕಳೆಲ್ಲ ಬಂದರು. ಮೊದಲು ಗುಂಡಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ತೊಟ್ಟಿಲ ಕೆಳಗಿಂದ ಮೇಲಕ್ಕೆ ದಾಟಿಸಿದರು, ಆಮೇಲೆ ಕೂಸನ್ನು. ಕಿವಿಯಲ್ಲಿ ಹೆಸರು ಹೇಳಿದರು. ಪಾಳಿ ಬಿಟ್ಟುಕೊಟ್ಟ ಉಳಿದ ಮೂವರಿಗೆ ವಿಷಯ ಹೇಳಿದೆ. "ನಮ್ಮ ಹೆಸರು ಬರಿ, ಏನ್ ಮಾಡೂದು" ಅಂತ ಮುಖ ಸಣ್ಣ ಮಾಡಿಕೊಂಡು ಗುಗ್ಗರಿ ಕಟ್ಟಿಕೊಂಡು ಹೋದರು. ಅಕ್ಕ ಒಳಗೆ ಪಾತ್ರೆ ತೊಳೆಯುತ್ತಿದ್ದಳು.

"ಅಕ್ಕಾ, ನಿನ್ನ ಹೆಸರು ಕೋರ್ಟಿಗೆ ಬರಕೊಡಬೇಕಾಗೇತಿ."

"ನಾನೇನ್ ಕದ್ದೀನಿ?"

ಎಲ್ಲಾ ಹೇಳಿದೆ. ಅವಳು ಕೈ ಒರೆಸಿಕೊಂಡಳು.

"ನೋಟೀಸು ಮನಿಗೆ ಬರ್ತೈತಿ?"

"ಬರ್ತೈತಿ."

"ಪೋಸ್ಟು ಇಸ್ಕೊಳ್ಳೂದು ಅವರಾ. ಮಧ್ಯಾಹ್ನ ಪೋಸ್ಟಿನವನ ಹಾದೀನ ಕಾಯ್ತಾರ, ಬ್ಯಾರೆ ಕೆಲಸೇನೈತಿ." ತೊಳೆದ ತಾಟು ಬೋರಲು ಹಾಕಿ ಅಂದಳು, "ನಾನು ಬಿಟ್ಟೆ ಅಂತ ತಿಳಕೊ. ಒಂದು ರೂಪಾಯಿನೂ ಬ್ಯಾಡ. ಹೆಸರು ಬರೀಬ್ಯಾಡ."

"ಬಿಟ್ಟಿ ಅಂತನೂ ನೀ ಕೋರ್ಟಿಗೆ ಬರಕೊಡಬೇಕಂತ. ಗ್ವಾಡಿ ಫೋಟೋ ಅವರ ಕಡೆ ಐತಿ. ಅರ್ಜಿ ಬಿದ್ರ..." ಹೊರಗಿನ ತೊಲೆಯ ಕಡೆ ನೋಡಿದೆ. ಅವಳೂ ನೋಡಿದಳು. ತೊಟ್ಟಿಲು ತೂಗುತ್ತಿತ್ತು.

"ಅಲ್ಲವಾ, ಹಗ್ಗ ನಾ ಮುಚ್ಚಿಟ್ಟು ಕಾದೆ" ಅಂದಳು ಅಕ್ಕ. "ಈಗ ಅದನ್ನ ನನ್ನ ಕೊರಳಿಗೆ ಕಟ್ಟಾಕ ನಿಂತಿ."

ಕುಂಕುಮ ಇಸಕೊಂಡಳು. ಗುಗ್ಗರಿ ಒಯ್ಯಲಿಲ್ಲ. ಮೂರು ದಿನ ಬಿಟ್ಟು ನಾನು ಸಿವಿಲ್ ಲೈನ್ಸಿಗೆ ಹೋಗಿ ಆರು ಹೆಸರಿನ ಕೆಳಗೆ ಗುಂಡಗಿನ ಅಕ್ಷರದಲ್ಲಿ ಸಹಿ ಮಾಡಿದೆ.

ಕೋರ್ಟಿನ ಕಾಗದ ಬಂದ ಮೇಲೆ ವಸೂಲಿಯವನು ಬಂದಿಲ್ಲ. ಮಗ ಈಗ ಮತ್ತೆ ಬೇರೆಯವರ ಟಿಪ್ಪರ್ ಓಡಿಸುತ್ತಾನೆ, ಉಣ್ಣುತ್ತಾನೆ, ಕರ್ರಗಾಗಿ ಬಂದು ಮಗಳನ್ನು ಎತ್ತಿಕೊಳ್ಳೋಕೆ ಹೋಗಿ ಹೆಂಡತಿಯಿಂದ ಬೈಸಿಕೊಳ್ಳುತ್ತಾನೆ. ನಾನು ಬೇಡಿದ್ದು ಇಷ್ಟೇ ಇತ್ತು, ಸಿಕ್ಕಿತು. ಅಕ್ಕನ ಮನೆಯಲ್ಲಿ ಏನಾಯಿತು ಅಂತ ಬೇರೆಯವರಿಂದ ಕೇಳಿದೆ. ಅವಳ ಗಂಡ ಜಗಳ ಮಾಡಲಿಲ್ಲವಂತೆ. ನೋಟೀಸು ಮಡಚಿ ಜೇಬಿಗಿಟ್ಟು "ಇಷ್ಟು ವರ್ಷ ಮೋಸ ಮಾಡಿದಿ" ಅಂದರಂತೆ, ಅಷ್ಟೇ. ಅವತ್ತಿನಿಂದ ಮನೆ ಖರ್ಚು ಪೂರ್ತಿ ಅವರ ಕೈಯಲ್ಲಿ. ಕೊತ್ತಂಬರಿಯನ್ನೂ ಅವರೇ ತರುತ್ತಾರೆ. ಅಕ್ಕ ಓಣಿಗೆ ಇಳಿಯೋದಿಲ್ಲ. ಭಿಶಿ ಮುರಿಯಿತು. ಕೋರ್ಟಿಗೆ ಹೋಗೋ ಭಿಶಿ ಯಾರಿಗೆ ಬೇಕು ಅಂದರು, ತಪ್ಪಿಲ್ಲ. ಮೊಮ್ಮಗಳ ಕೈ ಈಗ ಸಿಕ್ಕದ್ದನ್ನೆಲ್ಲ ಹಿಡಿದೆತ್ತುತ್ತದೆ, ಎತ್ತೋಕೆ ಚೀಟಿ ಇಲ್ಲ. ಬಾಗಿಲ ಹಿಂದಿನ ಗೆರೆ ಒರೆಸಿಲ್ಲ. ಅಕ್ಕನ ಕಡೆ ಇನ್ನೂ ಎಷ್ಟು ಗೆರೆ ಎಳೀಬೇಕಿತ್ತು ಅಂತ ನನಗೆ ಗೊತ್ತಿದೆ. ಒಂದೊಂದು ದಿನ ಹಂಚಿನ ಮುಂದೆ ಕೂತಾಗ, ಇಷ್ಟು ವರ್ಷದ ಬಾಳಿನಲ್ಲಿ ನಾನು ಮಾಡಿದ್ದು ಇದೇ ಏನು, ಒಬ್ಬಳ ಮುಚ್ಚಿಟ್ಟ ಗಂಟು ಬಿಚ್ಚಿ ಅವಳ ಗಂಡನ ಕೈಗೆ ಕೊಟ್ಟದ್ದು, ಅನ್ನಿಸುತ್ತದೆ. ರೊಟ್ಟಿ ಹೊತ್ತುತ್ತದೆ.

ಹೋದ ವಾರ ಕೋರ್ಟಿನ ತಾರೀಖಿತ್ತು. ಮನೆಯಲ್ಲಿ ಜೊತೆಗೆ ಯಾರೂ ಇಲ್ಲ ಅಂತ ಸೊಸೆಯೂ ಕೂಸನ್ನು ಎತ್ತಿಕೊಂಡು ಬಂದಳು. ಕೋರ್ಟಿನ ವರಾಂಡದಲ್ಲಿ ಎದುರು ಬದುರು ಬೆಂಚು. ಈ ಕಡೆ ನಾವು, ವಕೀಲಬಾಯಿ. ಆ ಕಡೆ ಫೈನಾನ್ಸಿನ ಮನುಷ್ಯ, ಅವನ ಪಕ್ಕ ಅಕ್ಕನ ಗಂಡ, ಅವರ ಪಕ್ಕ ಅಕ್ಕ. ಆರು ತಿಂಗಳ ಮೇಲೆ ನೋಡಿದ್ದು. ಸೊರಗಿದ್ದಳು. ನನ್ನ ಕಡೆ ನೋಡಲಿಲ್ಲ.

ಕೂಸಿಗೆ ಏನು ಗೊತ್ತು. ಅಕ್ಕನನ್ನೇ ನೋಡಿ ನೋಡಿ ನಕ್ಕಿತು. ಅಕ್ಕ ಸೆರಗು ಸರಿ ಮಾಡಿಕೊಂಡಳು, ಮೇಲೆ ಫ್ಯಾನ್ ನೋಡಿದಳು. ಕೂಸು ಬಿಡಲಿಲ್ಲ, ಜೊಲ್ಲು ಸುರಿಸಿಕೊಂಡು ಕೈ ಬಡಿದು ಕರೆಯಿತು. ಅಕ್ಕನ ಗಂಡ ತಮ್ಮ ವಕೀಲರನ್ನು ಏನೋ ಕೇಳೋಕೆ ಎದ್ದು ಆಚೆ ಹೋದರು.

"ಹಲ್ಲು ಬಂದಾವೇನು?" ಅಂದಳು ಅಕ್ಕ, ಫ್ಯಾನ್ ನೋಡುತ್ತಲೇ.

"ಎರಡು. ಕೆಳಗ."

"ವಸಡು ತುರಸ್ತಿರ್ತಾವ ಅದಕ್ಕ. ಖಡಕ್ ರೊಟ್ಟಿ ತುಣಕ ಕೊಡು, ಕಡೀಲಿ."

ಚೀಲದಲ್ಲಿ ಬುತ್ತಿಯ ರೊಟ್ಟಿ ಇತ್ತು. ಬಟ್ಟೆ ಬಿಚ್ಚಿ ಒಂದನ್ನು ಮುರಿದೆ. ಸಪ್ಪಳಕ್ಕೆ ಅಕ್ಕ ಈ ಕಡೆ ತಿರುಗಿದಳು. ತುಣುಕನ್ನು ಕೂಸಿನ ಕೈಗೆ ಕೊಟ್ಟೆ, ಅದು ಎರಡೂ ಕೈಯಲ್ಲಿ ಹಿಡಿದು ಕಡಿಯೋಕೆ ಹತ್ತಿತು. ಉಳಿದ ರೊಟ್ಟಿ ನನ್ನ ಕೈಯಲ್ಲಿತ್ತು. ಅಕ್ಕ ಅದನ್ನೇ ನೋಡುತ್ತಿದ್ದಳು. ನನ್ನ ಕೈ ಅರ್ಧ ದಾರಿ ಹೋಗಿತ್ತು ಅಂತ ಕಾಣುತ್ತದೆ, ವಕೀಲಬಾಯಿ ಮೆಲ್ಲಗೆ "ಆಜಿ" ಅಂದಳು.

ಅಕ್ಕನ ಬೆಂಚಿನಲ್ಲೇ ಫೈನಾನ್ಸಿನ ಮನುಷ್ಯ ಕೂತಿದ್ದ. ಕೈ ಹಿಂದಕ್ಕೆ ತಗೊಂಡೆ. ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಅಷ್ಟರಲ್ಲಿ ಒಳಗಿನಿಂದ ನಮ್ಮ ಹೆಸರು ಕೂಗಿದರು.